ನದಿಯ ದಂಡೆಯ ಊಟ: ಬೆಲೆ ಯಾವುದಕ್ಕೆ?

ನದಿಯ ದಂಡೆಯಲ್ಲಿ ಕುಳಿತು ಉಣ್ಣುವ ಊಟಕ್ಕೆ ಪೇಟೆಯೊಳಗಿನ ಊಟದ ನಾಲ್ಕೈದು ಪಟ್ಟು ಬೆಲೆ ತೆರುವುದು ಯುಕ್ತವೇ? ಮೇಲ್ನೋಟಕ್ಕೆ ಇದು ಉಳ್ಳವರ ಪ್ರಶ್ನೆ. ಸಂಬಳದಲ್ಲಿ ಮನೆಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಊರಿಗೆ ಕಳುಹಿಸುವ ಹಣ ಇವುಗಳನ್ನು ಕಳೆದು ಉಳಿದುದನ್ನು ಎಣಿಸಿ ನೋಡುವ ನಮ್ಮ ವಾಚಕರಿಗೆ ಇದು ಸಂಬಂಧಿಸಿದುದಲ್ಲವೆಂದು ತೋರಬಹುದು. ಆದರೆ ವಿಚಾರಿಸಿ ನೋಡಿದರೆ ಇದು ಎರಡು ಬಗೆಯಿಂದ ನಮ್ಮದೇ ಪ್ರಶ್ನೆಯಾಗಿದೆ. ಅಂತಹ ಹೊಟೇಲುಗಳಲ್ಲಿ ತಟ್ಟೆ ಹೊರುವವರಲ್ಲಿ, ಒಲೆಯ ಮುಂದೆ ನಿಲ್ಲುವವರಲ್ಲಿ, ಗಲ್ಲಾದಲ್ಲಿ ಬಿಲ್ಲು ಬರೆಯುವವರಲ್ಲಿ ನಮ್ಮವರು ಅನೇಕರಿದ್ದಾರೆ. ಇನ್ನು, ಕಚೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತರು ಮಗಳು ಪರೀಕ್ಷೆಯಲ್ಲಿ ತೇರ್ಗಡೆಯಾದಾಗಲೋ, ಮದುವೆಯ ವಾರ್ಷಿಕ ದಿನದಂದೋ, ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಂತಹ ಕಡೆಗೆ ಹೋಗಿ, ಬಿಲ್ಲು ಬಂದಾಗ ತುಟಿ ಬಿಗಿಹಿಡಿದು ಹಣ ಕೊಟ್ಟು ಬರುತ್ತಾರೆ. ಕೊಟ್ಟುದು ಯಾವುದಕ್ಕೆ, ಅದು ಸೇರಿದುದು ಯಾರ ಕೈಗೆ, ಎಂಬುದನ್ನು ತಿಳಿದುಕೊಳ್ಳುವ ಹಕ್ಕು ಇಬ್ಬರಿಗೂ ಇದೆ.

ಮುಂಬಯಿಯಲ್ಲಿ ನೋಟವನ್ನು ಮಾರುವ ಹೊಟೇಲುಗಳು ಕಡಲಿನ ಕಡೆಗೆ ಮುಖ ಮಾಡಿವೆ. ಇಲ್ಲಿ ನದಿಯೆಂದರೆ ಮೀಠಿ. ಮೀಠಿಯೆಂದರೆ 2005ರ ಜುಲೈ 26ರ ಪ್ರಳಯ ನೆನಪಾಗುವುದೇ ಹೊರತು ಊಟವಲ್ಲ. ಆದರೆ ನಮ್ಮವರು ನೆಲಸಿರುವ ಇತರ ನಗರಗಳಲ್ಲಿ ನದಿಯ ದಂಡೆಗಳು ಈಗ ಹೊಸ ರೂಪ ತಾಳುತ್ತಿವೆ. ಪುಣೆಯಲ್ಲಿ ಮುಳಾ ಮತ್ತು ಮುಠಾ ನದಿಗಳ ದಂಡೆಗಳನ್ನು ಸುಮಾರು 44 ಕಿಲೋಮೀಟರುಗಳಷ್ಟು ಉದ್ದಕ್ಕೆ ಕಟ್ಟುವ ಯೋಜನೆಗೆ 2022ರ ಮಾರ್ಚ್ 6ರಂದು ಅಡಿಗಲ್ಲು ಬಿದ್ದಿತು. ಹೈದರಾಬಾದಿನಲ್ಲಿ ಮೂಸಿಯ ದಂಡೆಯನ್ನು ಪುನರ್ನಿರ್ಮಿಸುವ ಮಾತು ನಡೆದಿದೆ. ಅಹಮದಾಬಾದಿನಲ್ಲಂತೂ ಈ ಕೆಲಸ ನಡೆದು ಬಹಳ ಕಾಲವಾಯಿತು. ದಂಡೆ ಕಟ್ಟಿದಲ್ಲಿ ಮೊದಲು ಕಾಲುದಾರಿ ಬರುತ್ತದೆ, ಬಳಿಕ ಉದ್ಯಾನ, ಅದರ ಬೆನ್ನಿಗೇ ಹೊಟೇಲು. ಆದುದರಿಂದ ಅಹಮದಾಬಾದಿನ ಉದಾಹರಣೆಯನ್ನೇ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಲೇಸೆಂದು ನಮಗೆ ತೋರುತ್ತದೆ.

ಸಾಬರಮತಿಯ ದಂಡೆ

ಸಾಬರಮತಿಯ ದಂಡೆಯನ್ನು ಕಟ್ಟುವುದಕ್ಕಾಗಿ ಅಹಮದಾಬಾದು ನಗರಸಭೆಯು 1997ರಲ್ಲಿ ಒಂದು ನಿಗಮವನ್ನು ಸ್ಥಾಪಿಸಿತು. 2005ರಲ್ಲಿ ಕೆಲಸಕ್ಕೆ ತೊಡಗಿ, 2012ರಲ್ಲಿ ದಂಡೆಯ ಭಾಗಗಳನ್ನು ಜನರಿಗೆ ತೆರೆಯಲಾಯಿತು. ಎರಡೂ ಕಡೆ ಹನ್ನೊಂದು ಕಿಲೋಮೀಟರುಗಳಿಗೂ ಮಿಕ್ಕಿ ಕಾಂಕ್ರೀಟಿನ ಗೋಡೆಯೆದ್ದು, ನದಿಯ ಪಾತ್ರದಿಂದ ಸುಮಾರು 200 ಹೆಕ್ಟೇರುಗಳಷ್ಟು ಹೊಸ ನೆಲ ದೊರಕಿತು. ಆ ನೆಲದ ಮೇಲೆ ರಸ್ತೆ, ಉದ್ಯಾನ, ಮಾರುಕಟ್ಟೆಗಳೂ ಬಂದವು, ತಿನಿಸಿನ ಅಂಗಡಿಗಳೂ ಬಂದವು. 2022ರ ಆಗಸ್ಟಿನಲ್ಲಿ ಅಟಲ್ ಸೇತುವೆ ತೆರೆಯಿತು. 2023ರ ಜುಲೈಯಲ್ಲಿ ನೀರಿನ ಮೇಲೆಯೇ ತೇಲುವ ಎರಡಂತಸ್ತಿನ ಹೊಟೇಲು ನೌಕೆಯೊಂದು ಸಂಚಾರಕ್ಕೆ ತೊಡಗಿತು.

ಇಲ್ಲಿ ವಾಚಕರು ಗಮನಿಸಬೇಕಾದ ಮೊದಲ ಸಂಗತಿಯೆಂದರೆ, ನಗರದ ನಡುವೆ ತುಂಬಿ ನಿಂತಂತೆ ಕಾಣುವ ಆ ನೀರು ಬಹುಮಟ್ಟಿಗೆ ಸಾಬರಮತಿಯ ನೀರೇ ಅಲ್ಲವೆಂಬುದು. ಸಾಬರಮತಿಯು ಮಳೆಗಾಲ ಕಳೆದರೆ ಬತ್ತುವ ನದಿ. ನರ್ಮದಾ ಕಾಲುವೆಯಿಂದ ನೀರು ತಂದು ಅದನ್ನು ತುಂಬಿಸುತ್ತಾರೆ. 1976ರಲ್ಲಿ ಕಟ್ಟಿದ ವಾಸಣಾ ಬ್ಯಾರೇಜು ಆ ನೀರನ್ನು ನಗರದೊಳಗೆ ತಡೆದು ನಿಲ್ಲಿಸುತ್ತದೆ. 2025ರ ಮೇ ತಿಂಗಳಲ್ಲಿ ಬ್ಯಾರೇಜಿನ ಬಾಗಿಲುಗಳ ದುರಸ್ತಿಗಾಗಿ ನೀರನ್ನು ಹೊರಗೆ ಬಿಟ್ಟಾಗ ನದಿಯ ತಳವೂ ತಳದಲ್ಲಿದ್ದ ಕಸವೂ ಬಯಲಾದವು. ಆ ಕಸವನ್ನೆತ್ತುವ ಕೆಲಸವನ್ನು ನಗರಸಭೆಯು ಕೈಗೊಳ್ಳಬೇಕಾಯಿತು.

ಎರಡನೆಯ ಸಂಗತಿ: ದಂಡೆ ತೆರವಾದುದು ತಾನಾಗಿ ಅಲ್ಲ. ಅಲ್ಲಿ ಗುಡಿಸಲು ಹಾಕಿಕೊಂಡಿದ್ದ ಹತ್ತು ಸಾವಿರಕ್ಕೂ ಮಿಕ್ಕಿದ ಕುಟುಂಬಗಳನ್ನು ಎಬ್ಬಿಸಿ ಬೇರೆಡೆಯಲ್ಲಿ ನೆಲೆಗೊಳಿಸಲಾಯಿತು. ಹೀಗೆ ನೆಲವನ್ನು ಬಿಡಿಸಿದುದೂ ಗೋಡೆ ಕಟ್ಟಿದುದೂ ನೀರು ತಂದು ನಿಲ್ಲಿಸಿದುದೂ ಸಾರ್ವಜನಿಕ ಹಣದಿಂದ. ಹೊಟೇಲಿನ ಮಾಲಕನು ಆ ನೋಟವನ್ನು ಸೃಷ್ಟಿಸಿದವನಲ್ಲ. ಅದರ ಎದುರಿಗೆ ಕುರ್ಚಿ ಹಾಕುವ ಅವಕಾಶವನ್ನು ಪಡೆದವನು. ಅದೇ ನದಿಯನ್ನು ಕೆಳಗಿನ ಕಾಲುದಾರಿಯಲ್ಲಿ ನಡೆಯುವವನು ಬಿಟ್ಟಿಯಾಗಿ ನೋಡುತ್ತಾನೆ. ಅಟಲ್ ಸೇತುವೆಯ ಮೇಲಿಂದ ನೋಡುವವನಿಗೆ ಸೇತುವೆ ತೆರೆದ ವರ್ಷ 30 ರೂಪಾಯಿಯ ಟಿಕೇಟು ಇಟ್ಟಿದ್ದರು. ಹೊಟೇಲಿನ ಬಿಲ್ಲಿನಲ್ಲಿ ನದಿಗಾಗಿ ಎಷ್ಟು ಕೊಡುತ್ತಿದ್ದೇವೆಂದು ಅಳೆಯಬಯಸುವವರಿಗೆ ಇದು ಒಂದು ಅಳತೆಗೋಲು.

ಅಹಮದಾಬಾದನ್ನೇ ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವಿದೆ. ಗುಜರಾತು ರಾಜ್ಯದಲ್ಲಿ ಪಾನನಿರೋಧವಿದೆ. ಮುಂಬಯಿ, ಪುಣೆಗಳ ದೊಡ್ಡ ಹೊಟೇಲುಗಳಲ್ಲಿ ಲಾಭದ ದೊಡ್ಡ ಪಾಲು ಮದ್ಯದಿಂದ ಬರುತ್ತದೆಂಬುದನ್ನು ವ್ಯವಹಾರ ಬಲ್ಲವರೆಲ್ಲರೂ ಅರಿತಿದ್ದಾರೆ. ಅಲ್ಲಿ ಊಟದ ಬೆಲೆ ಯಾವುದು, ಪಾನದ ಬೆಲೆ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಸಾಬರಮತಿಯ ದಂಡೆಯಲ್ಲಿ ಆ ಗೊಂದಲವಿಲ್ಲ. ಖರ್ಚೂ ಲಾಭವೂ ಊಟದ ತಟ್ಟೆಯಿಂದಲೇ ಹುಟ್ಟಬೇಕು.

ಮೇಜಿನ ಲೆಕ್ಕ

ಹೊಟೇಲು ನಡೆಸಿ ಗಲ್ಲಾದ ಮುಂದೆ ಹಲವು ವರ್ಷ ಕಳೆದವರಾದ ನಾವು ಬೆಲೆಯ ಗುಟ್ಟನ್ನು ಮೊದಲು ಅಡಿಗೆಮನೆಯಲ್ಲಿ ಹುಡುಕುವುದಿಲ್ಲ, ಮೇಜಿನಲ್ಲಿ ಹುಡುಕುತ್ತೇವೆ. ಒಂದು ಮೇಜು ದಿನಕ್ಕೆ ಎಷ್ಟು ಸಲ ತುಂಬುತ್ತದೆ, ಎಷ್ಟು ಸಲ ತೆರವಾಗುತ್ತದೆ ಎಂಬುದೇ ಹೊಟೇಲಿನ ಜೀವ.

ಲೆಕ್ಕದ ಅನುಕೂಲಕ್ಕಾಗಿ ಒಂದು ಉದಾಹರಣೆಯನ್ನು ಹಿಡಿಯೋಣ. ನಾಲ್ಕು ಕುರ್ಚಿಗಳ ಒಂದು ಮೇಜಿನ ಪಾಲಿಗೆ ಜಾಗದ ಬಾಡಿಗೆ, ದೀಪ, ನೀರು, ಸಂಬಳ ಎಲ್ಲ ಸೇರಿ ದಿನಕ್ಕೆ 3,000 ರೂಪಾಯಿ ಬೀಳುತ್ತದೆಂದು ಇಟ್ಟುಕೊಳ್ಳಿ. ನಮ್ಮ ಉಡುಪಿ ಹೊಟೇಲಿನಲ್ಲಿ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಆ ಮೇಜಿಗೆ 30 ತಂಡಗಳು ಬಂದು ಹೋದರೆ, ಒಂದೊಂದು ತಂಡದ ತಲೆಯ ಮೇಲೆ ಬೀಳುವುದು 100 ರೂಪಾಯಿ. ನಾಲ್ವರಿದ್ದರೆ ಒಬ್ಬನಿಗೆ 25. ನದಿಯ ದಂಡೆಯ ಹೊಟೇಲಿನಲ್ಲಿ ಹಗಲಿನ ಬಿಸಿಲಿಗೆ ಯಾರೂ ಹೊರಗೆ ಕುಳಿತುಕೊಳ್ಳರು. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಒಂದು ತಂಡ, ರಾತ್ರಿಯೂಟಕ್ಕೆ ಇನ್ನೊಂದು ತಂಡ. ಬಂದವರು ಎರಡೆರಡು ಗಂಟೆ ಕುಳಿತಿರುತ್ತಾರೆ. ಅದೇ 3,000 ರೂಪಾಯಿಯನ್ನು ಈ ಎರಡು ತಂಡಗಳೇ ಹೊರಬೇಕು. ಅಂದರೆ ತಂಡಕ್ಕೆ 1,500, ಒಬ್ಬನಿಗೆ 375. ಅಕ್ಕಿ, ಬೇಳೆ, ಎಣ್ಣೆ, ತರಕಾರಿಗಳ ಖರ್ಚು ಇನ್ನೂ ಈ ಲೆಕ್ಕಕ್ಕೆ ಬಂದೇ ಇಲ್ಲ.

ಈ ಅಂಕಿಗಳು ಉದಾಹರಣೆಗಾಗಿ ಹಿಡಿದವು. ದಂಡೆಯ ಜಾಗದ ಬಾಡಿಗೆಯು ಪೇಟೆಯೊಳಗಿನ ಬಾಡಿಗೆಗಿಂತ ಹೆಚ್ಚಿದ್ದರೆ ಅಂತರ ಇನ್ನೂ ಬೆಳೆಯುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಹೊರಗಿನ ಮೇಜುಗಳು ಖಾಲಿ ಬೀಳುತ್ತವೆ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಗಾಜಿನ ಪಾತ್ರೆಗಳು ಒಡೆಯುತ್ತವೆ, ಸಮವಸ್ತ್ರ ಒಗೆಸಬೇಕು, ಒಂದು ಮೇಜಿಗೆ ಸಪ್ಲಾಯರುಗಳು ಹೆಚ್ಚು ಬೇಕು. ತೆರಿಗೆಯ ಒಂದು ಸಂಗತಿಯೂ ಇದೆ. 2017ರ ನವೆಂಬರ್ 15ರಿಂದ ಸಾಮಾನ್ಯ ಹೊಟೇಲುಗಳ ಬಿಲ್ಲಿನ ಮೇಲೆ ಶೇಕಡಾ 5ರಷ್ಟು ಜಿ.ಎಸ್.ಟಿ. ಇದೆ, ಆದರೆ ಮಾಲಕನು ಬಾಡಿಗೆಯ ಮೇಲೆ, ಸಾಮಾನಿನ ಮೇಲೆ ತಾನು ತೆತ್ತ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳುವಂತಿಲ್ಲ. ಆ ಭಾರವು ಊಟದ ಬೆಲೆಯೊಳಗೆ ಸದ್ದಿಲ್ಲದೆ ಸೇರುತ್ತದೆ. ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿಗಳನ್ನು ಮೀರಿದ ವಸತಿ ಹೊಟೇಲಿನೊಳಗಿನ ಊಟಕ್ಕಂತೂ ತೆರಿಗೆ ಶೇಕಡಾ 18. ಒಂದೇ ದಂಡೆಯಲ್ಲಿ ಅಕ್ಕಪಕ್ಕದ ಎರಡು ಕಟ್ಟಡಗಳಲ್ಲಿ ಒಂದೇ ದೋಸೆಗೆ ಎರಡು ಬಗೆಯ ತೆರಿಗೆ ಬೀಳಬಹುದು.

ಆದುದರಿಂದ ಹೆಚ್ಚಿನ ಬೆಲೆಯೆಲ್ಲವೂ ಮಾಲಕನ ಜೇಬಿಗೆ ಹೋಗುವ ಲಾಭವೆಂದು ಭಾವಿಸುವುದು ಸರಿಯಲ್ಲ. ಗಿರಾಕಿಯು ಅಲ್ಲಿ ಮುಖ್ಯವಾಗಿ ಕೊಳ್ಳುವುದು ಹೊತ್ತನ್ನು. ನಮ್ಮ ಉಡುಪಿ ಹೊಟೇಲುಗಳಲ್ಲಿ ಕಾಫಿಯ ಕಡೆಯ ಗುಟುಕು ಇಳಿಯುವ ಮೊದಲೇ ಕುರ್ಚಿಯ ಹಿಂದೆ ಇನ್ನೊಬ್ಬ ನಿಂತಿರುತ್ತಾನೆ. ಕ್ಲೀನರ್ ಹುಡುಗ ಒರೆಸುವ ಬಟ್ಟೆ ಹಿಡಿದು ಬಂದಿರುತ್ತಾನೆ. ಆ ಅವಸರವೇ ನಮ್ಮ ಹೊಟೇಲುಗಳ ಅಗ್ಗದ ಬೆಲೆಯ ಮೂಲ. ದಂಡೆಯ ಹೊಟೇಲು ಆ ಅವಸರವಿಲ್ಲದಿರುವುದನ್ನೇ ಮಾರುತ್ತದೆ.

ಅಡಿಗೆಯ ಗುಣ

ಹಾಗಾದರೆ ಊಟದ ರುಚಿ ಹೇಗೆ? ಬೆಲೆ ನಾಲ್ಕು ಪಟ್ಟಾದಲ್ಲಿ ರುಚಿಯೂ ಅಷ್ಟು ಪಟ್ಟಾಗುತ್ತದೆಯೇ? ಆಗುವುದಿಲ್ಲವೆಂದೇ ಹೇಳಬೇಕಾಗಿದೆ. ಹೊಟೇಲು ವ್ಯವಹಾರದ ವಾಡಿಕೆಯ ಲೆಕ್ಕದಲ್ಲಿ ಊಟದ ಬೆಲೆಯ ಸುಮಾರು ಮೂರನೆಯ ಒಂದು ಪಾಲು ಸಾಮಾನಿಗೆ ಹೋಗಬೇಕು. ಬಾಡಿಗೆಯ ಹೊರೆ ಹೆಚ್ಚಾದಲ್ಲಿ ಈ ಪಾಲು ಕುಗ್ಗುವುದು ಸಹಜ. ಆಗ ಗಿರಾಕಿ ಹೆಚ್ಚು ಕೊಟ್ಟನೆಂದು ತುಪ್ಪ ಹೆಚ್ಚು ಬೀಳುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದ ಕಾರಣ ಮತ್ತೊಂದಿದೆ. ಮಾಟುಂಗದ ಒಂದು ಹೊಟೇಲಿಗೆ ದಿನವೂ ಬೆಳಿಗ್ಗೆ ಅದೇ ಮುಖಗಳು ಬರುತ್ತವೆ. ಸಾಂಬಾರಿನಲ್ಲಿ ಒಂದು ದಿನ ಹುಳಿ ಹೆಚ್ಚಾದರೆ ಹತ್ತು ಮಂದಿ ಕೇಳುತ್ತಾರೆ. ಎರಡು ದಿನ ಹೆಚ್ಚಾದರೆ ಎದುರಿನ ಹೊಟೇಲಿಗೆ ಹೋಗುತ್ತಾರೆ. ನಿತ್ಯದ ಗಿರಾಕಿಯಷ್ಟು ಬಿಗಿಯಾದ ತನಿಖೆಯನ್ನು ಯಾವ ಅಧಿಕಾರಿಯೂ ಮಾಡಲಾರ. ನೋಟಕ್ಕಾಗಿ ಬರುವ ಗಿರಾಕಿಯಾದರೋ ವರ್ಷಕ್ಕೊಮ್ಮೆ, ಅಥವಾ ಪ್ರವಾಸಿಯಾದರೆ ಜನ್ಮಕ್ಕೊಮ್ಮೆ ಬರುವವನು. ಅಡಿಗೆ ಹಿಡಿಸದಿದ್ದರೂ ನದಿ ಚೆನ್ನಾಗಿತ್ತೆಂದು ಸಮಾಧಾನ ಪಟ್ಟುಕೊಂಡು ಹೋಗುತ್ತಾನೆ. ಅವನ ಜಾಗಕ್ಕೆ ನಾಳೆ ಮತ್ತೊಬ್ಬ ಬರುತ್ತಾನೆ. ಇಂತಹ ಕಡೆ ಅಡಿಗೆಯು ಕೆಡದಂತೆ ಕಾಯುವವನು ಮಾಲಕನ ಮನಸ್ಸಾಕ್ಷಿಯೊಬ್ಬನೇ.

ಜಾಗದ ರಚನೆಯೂ ಅಡಿಗೆಗೆ ಅನುಕೂಲವಲ್ಲ. ಒಲೆಯಿಂದ ಮೇಜಿಗೆ ದೂರ ಹೆಚ್ಚು. ಬಯಲಿನ ಗಾಳಿಗೆ ರೊಟ್ಟಿ ಒಣಗುತ್ತದೆ, ದೋಸೆ ಮೆತ್ತಗಾಗುತ್ತದೆ. ಎಲ್ಲ ಬಗೆಯ ಜನರನ್ನು ಒಲಿಸಬೇಕಾದುದರಿಂದ ಪಂಜಾಬಿ, ಚೀನೀ, ಇಟಾಲಿಯನ್, ದಕ್ಷಿಣದ ತಿಂಡಿ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹಾಕುತ್ತಾರೆ. ಹತ್ತು ಪದಾರ್ಥಗಳನ್ನು ದಿನವೂ ಮಾಡುವ ಭಟ್ಟರ ಕೈಯಲ್ಲಿ ಬರುವ ಹದವು ನೂರು ಪದಾರ್ಥಗಳನ್ನು ಆಗೊಮ್ಮೆ ಈಗೊಮ್ಮೆ ಮಾಡುವವರ ಕೈಯಲ್ಲಿ ಬರುವುದಿಲ್ಲ. ಇದಕ್ಕೆ ಅಪವಾದಗಳಿಲ್ಲವೆಂದು ನಾವು ಹೇಳುವುದಿಲ್ಲ. ನುರಿತ ಅಡಿಗೆಯವರಿಗೆ ಒಳ್ಳೆಯ ಸಂಬಳ ಕೊಟ್ಟು, ಚಿಕ್ಕ ಪಟ್ಟಿಯನ್ನಿಟ್ಟುಕೊಂಡು, ಮರ್ಯಾದೆಯಿಂದ ನಡೆಸುವ ಮಾಲಕರೂ ಇದ್ದಾರೆ. ಆದರೆ ಊಟದ ರುಚಿಯೊಂದಕ್ಕಾಗಿಯೇ ದಂಡೆಗೆ ಹೋಗುವವನು ಪೇಟೆಯಲ್ಲೇ ಉಳಿಯುವುದು ಜಾಣತನ.

ನ್ಯಾಯಾಲಯಗಳು ಹೇಳಿದುದು

ಹೊಟೇಲಿನಲ್ಲಿ ನಾವು ಕೊಳ್ಳುವುದು ಊಟವನ್ನೋ ಉಪಚಾರವನ್ನೋ ಎಂಬ ಪ್ರಶ್ನೆ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿದೆಯೆಂದರೆ ಕೆಲವರಿಗೆ ಆಶ್ಚರ್ಯವಾದೀತು. 1978ರಲ್ಲಿ ದೆಹಲಿಯ ಒಂದು ಮೊಕದ್ದಮೆಯಲ್ಲಿ ಆ ನ್ಯಾಯಾಲಯವು, ಹೊಟೇಲಿನಲ್ಲಿ ಊಟ ಬಡಿಸುವುದು ಮೂಲತಃ ಒಂದು ಸೇವೆಯೇ ಹೊರತು ಸರಕಿನ ಮಾರಾಟವಲ್ಲ, ಆದುದರಿಂದ ಅದರ ಮೇಲೆ ಮಾರಾಟ ತೆರಿಗೆ ಹಾಕುವಂತಿಲ್ಲ ಎಂದು ತೀರ್ಪಿತ್ತಿತು. ರಾಜ್ಯ ಸರಕಾರಗಳ ಬೊಕ್ಕಸಕ್ಕೆ ಇದರಿಂದ ಪೆಟ್ಟು ಬೀಳುವಂತಾಯಿತು. 1982ರಲ್ಲಿ ಸಂವಿಧಾನಕ್ಕೆ 46ನೆಯ ತಿದ್ದುಪಡಿಯನ್ನು ತಂದು ಆ ತೆರಿಗೆಯ ಅಧಿಕಾರವನ್ನು ಮರಳಿ ಪಡೆಯಬೇಕಾಯಿತು. ಒಂದು ತಟ್ಟೆ ಊಟಕ್ಕಾಗಿ ಸಂವಿಧಾನವನ್ನೇ ತಿದ್ದಬೇಕಾಯಿತೆಂಬುದನ್ನು ನಮ್ಮ ಹೊಟೇಲು ಬಂಧುಗಳು ನೆನಪಿನಲ್ಲಿಡಬಹುದು.

ಬಳಿಕ ಕೇಂದ್ರ ಸರಕಾರವು 2011ರಲ್ಲಿ ದೊಡ್ಡ ಹೊಟೇಲುಗಳ ಮೇಲೆ ಸೇವಾ ತೆರಿಗೆಯನ್ನು ವಿಧಿಸಿತು. 2012ರ ನಿಯಮದಂತೆ ಹವಾನಿಯಂತ್ರಿತ ಹೊಟೇಲಿನ ಬಿಲ್ಲಿನಲ್ಲಿ ಶೇಕಡಾ 40ರಷ್ಟನ್ನು ಸೇವೆಯೆಂದು ಎಣಿಸಲಾಗುತ್ತಿತ್ತು. ಅಂದರೆ ನೂರು ರೂಪಾಯಿಯ ಬಿಲ್ಲಿನಲ್ಲಿ ನಲವತ್ತು ರೂಪಾಯಿ ತಟ್ಟೆಯ ಮೇಲಿನ ಪದಾರ್ಥಕ್ಕಲ್ಲ, ಕೂರಿಸಿ ಬಡಿಸಿದುದಕ್ಕೆ ಎಂದು ಸರಕಾರವೇ ಒಪ್ಪಿಕೊಂಡಂತಾಯಿತು. ಜಿ.ಎಸ್.ಟಿ. ಬಂದ ಮೇಲೆ ಈ ವಿಭಜನೆ ಹೋಯಿತು. ಅದರ ಹಿಂದಿನ ವಿಚಾರ ಮಾತ್ರ ಈಗಲೂ ಸರಿಯಾದುದೇ.

ನೀರಿನ ಬಾಟಲಿಯ ವಿಚಾರವೂ ಇದೇ ಬಗೆಯದು. ಮುದ್ರಿತ ಬೆಲೆಗಿಂತ ಹೆಚ್ಚಿಗೆ ಹೊಟೇಲಿನವರು ಬಾಟಲಿ ನೀರನ್ನು ಮಾರಬಹುದೇ ಎಂಬ ವಿವಾದದಲ್ಲಿ 2017ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಹೊಟೇಲುಗಳ ಪರವಾಗಿ ತೀರ್ಪಿತ್ತಿತು. ಗಿರಾಕಿಯು ಅಲ್ಲಿಗೆ ಬರುವುದು ಬರಿಯ ನೀರಿನ ಬಾಟಲಿಯನ್ನು ಕೊಂಡುಹೋಗುವುದಕ್ಕಲ್ಲ, ಅಲ್ಲಿನ ಪರಿಸರವನ್ನು ಅನುಭವಿಸುವುದಕ್ಕೆ, ಎಂಬುದು ಅದರ ಆಧಾರ. ಆದುದರಿಂದ ನೋಟಕ್ಕೂ ಆಸನಕ್ಕೂ ಬೆಲೆ ಕಟ್ಟುವುದು ಕಾನೂನಿನ ದೃಷ್ಟಿಯಿಂದ ಮೋಸವಲ್ಲ. ಆದರೆ ಆ ಬೆಲೆಯನ್ನು ತಿಂಡಿಯ ಪಟ್ಟಿಯಲ್ಲಿ ಮೊದಲೇ ಕಾಣಿಸಬೇಕು. ಗಿರಾಕಿ ಉಂಡು ಕೈತೊಳೆದ ಮೇಲೆ ತೋರಿಸಬಾರದು.

ಸೇವಾ ಶುಲ್ಕ ಯಾರಿಗೆ?

ಇಲ್ಲಿಯೇ ಸೇವಾ ಶುಲ್ಕದ ಪ್ರಶ್ನೆ ಏಳುತ್ತದೆ. ಊಟದ ಬೆಲೆ ಬೇರೆ, ತೆರಿಗೆ ಬೇರೆ. ಇವೆರಡರ ನಡುವೆ ಶೇಕಡಾ ಐದೋ ಹತ್ತೋ ಎಂದು ಒಂದು ಸಾಲನ್ನು ಅನೇಕ ದೊಡ್ಡ ಹೊಟೇಲುಗಳು ತಾವಾಗಿಯೇ ಸೇರಿಸುತ್ತ ಬಂದಿವೆ. ಇದು ಸರಕಾರದ ತೆರಿಗೆಯೆಂದು ತಪ್ಪು ತಿಳಿದು ತೆತ್ತವರು ಎಷ್ಟೋ ಮಂದಿ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿಗಳನ್ನು ಹೊರಡಿಸಿ, ಯಾವ ಹೆಸರಿನಲ್ಲಿಯೂ ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸಕೂಡದು, ಕೊಡೆಂದು ಬಲಾತ್ಕರಿಸಕೂಡದು, ಅದನ್ನು ಮುಂದಿಟ್ಟು ಒಳಗೆ ಬಿಡುವುದನ್ನು ನಿರಾಕರಿಸಕೂಡದು ಎಂದಿತು. ಹೊಟೇಲು ಮಾಲಕರ ಸಂಘಟನೆಗಳು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಗಿ ಅದೇ ತಿಂಗಳು ತಡೆಯಾಜ್ಞೆ ಪಡೆದವು. ಆದರೆ 2025ರ ಮಾರ್ಚ್ 28ರಂದು ಆ ನ್ಯಾಯಾಲಯವು ಮಾರ್ಗಸೂಚಿಗಳನ್ನು ಎತ್ತಿಹಿಡಿದು, ಸೇವಾ ಶುಲ್ಕವು ಗಿರಾಕಿಯ ಇಚ್ಛೆಗೆ ಸೇರಿದುದು, ಕಡ್ಡಾಯವಲ್ಲ, ಎಂದು ಸ್ಪಷ್ಟಪಡಿಸಿತು. ಮೇಲ್ಮನವಿಯ ವಿಚಾರಣೆಯಲ್ಲಿ 2025ರ ಆಗಸ್ಟಿನಲ್ಲಿ ದ್ವಿಸದಸ್ಯ ಪೀಠವು ಮಾರ್ಮಿಕವಾದ ಒಂದು ಪ್ರಶ್ನೆಯನ್ನು ಕೇಳಿತು: 20 ರೂಪಾಯಿಯ ನೀರಿನ ಬಾಟಲಿಗೆ ಪರಿಸರದ ಹೆಸರಿನಲ್ಲಿ 100 ರೂಪಾಯಿ ತೆಗೆದುಕೊಂಡ ಮೇಲೆ ಸೇವೆಯ ಹೆಸರಿನಲ್ಲಿ ಮತ್ತೆ ಬೇರೆ ಶುಲ್ಕವೇಕೆ?

ಗಿರಾಕಿಯ ದೃಷ್ಟಿಯಿಂದ ಈ ತೀರ್ಪು ನ್ಯಾಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮ ವಾಚಕರಲ್ಲಿ ಬಿಲ್ಲು ತೆರುವವರೂ ಇದ್ದಾರೆ, ಬಿಲ್ಲು ತಂದಿಡುವವರೂ ಇದ್ದಾರೆ. ಸೇವಾ ಶುಲ್ಕವನ್ನು ಒಟ್ಟುಗೂಡಿಸಿ ತಿಂಗಳ ಕೊನೆಗೆ ಸಪ್ಲಾಯರು, ಅಡಿಗೆಯವರು, ಪಾತ್ರೆ ತೊಳೆಯುವವರು ಎಲ್ಲರಿಗೂ ಹಂಚುವ ಪದ್ಧತಿ ಹಲವು ಕಡೆ ಇದೆ. ಅಂತಹ ಕಡೆ ಮೂಲ ಸಂಬಳವನ್ನು ಸಣ್ಣದಾಗಿಟ್ಟು, ಈ ಪಾಲನ್ನು ತೋರಿಸಿ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಆ ಸಾಲು ಬಿಲ್ಲಿನಿಂದ ಅಳಿದಾಗ ಮಾಲಕನ ಲಾಭ ಮೊದಲು ಕುಗ್ಗುವುದಿಲ್ಲ; ಊರಿನಲ್ಲಿ ಮನಿಯಾರ್ಡರಿನ ದಿನಗಳಿಂದಲೂ ಮಗನ ಹಣಕ್ಕಾಗಿ ಕಾಯುತ್ತ ಬಂದ ಮನೆಗೆ ಹೋಗುವ ಮೊತ್ತ ಮೊದಲು ಕುಗ್ಗುತ್ತದೆ. ಇನ್ನು ಕೆಲವು ಕಡೆ ಆ ಶುಲ್ಕದ ಎಷ್ಟು ಪಾಲು ಕೆಲಸಗಾರರಿಗೆ ಬಂದಿತೆಂಬ ಲೆಕ್ಕವನ್ನು ಯಾರೂ ಕಂಡವರಿಲ್ಲ. ಒಡೆದ ಪಾತ್ರೆಯ ಹೆಸರಿನಲ್ಲಿ ಅದರಲ್ಲಿಯೂ ಕಡಿತವಾಗುತ್ತದೆ. ಕೈಯಲ್ಲಿ ಚಿಲ್ಲರೆ ಹಿಡಿದು ಬರುವವರೂ ಈಗ ಕಡಿಮೆ. ಮೊಬೈಲಿನಲ್ಲಿ ಬಿಲ್ಲು ತೀರಿಸಿದವನು ತಟ್ಟೆಯಲ್ಲಿ ಹತ್ತು ರೂಪಾಯಿ ಬಿಡುವ ಅಭ್ಯಾಸವನ್ನೇ ಮರೆಯುತ್ತಿದ್ದಾನೆ.

ಇದಕ್ಕೆ ಪರಿಹಾರವೇನು? ಸಪ್ಲಾಯರನ ಸಂಬಳವು ಮಾಲಕನ ಹೊಣೆ. ಅದನ್ನು ಗಿರಾಕಿಯ ದಾಕ್ಷಿಣ್ಯಕ್ಕೆ ಬಿಡುವುದು ತಕ್ಕುದಲ್ಲ. ಬಾಡಿಗೆಯನ್ನೂ ದೀಪದ ಖರ್ಚನ್ನೂ ಊಟದ ಬೆಲೆಯಲ್ಲಿ ಸೇರಿಸಿಕೊಳ್ಳುವ ಮಾಲಕನು ಸಂಬಳವನ್ನೂ ಹಾಗೆಯೇ ಸೇರಿಸಿಕೊಳ್ಳಲಿ. ಪಟ್ಟಿಯ ಬೆಲೆ ಶೇಕಡಾ ಹತ್ತರಷ್ಟು ಹೆಚ್ಚಾದರೂ ಚಿಂತೆಯಿಲ್ಲ, ಅದು ಕಣ್ಣಿಗೆ ಕಾಣುವ ಬೆಲೆ. ಒಪ್ಪಿದವನು ಉಣ್ಣುತ್ತಾನೆ, ಒಪ್ಪದವನು ಎದ್ದು ಹೋಗುತ್ತಾನೆ. ನಮ್ಮ ಹೊಟೇಲುಗಳಲ್ಲಿ ಬಹುಕಾಲದಿಂದ ನಡೆದು ಬಂದುದೂ ಇದೇ ಕ್ರಮ. ಅಲ್ಲಿ ಸಂಬಳದ ಜೊತೆಗೆ ಊಟವನ್ನೂ ಮಲಗಲು ಜಾಗವನ್ನೂ ಮಾಲಕನೇ ಕೊಡುತ್ತಿದ್ದನು. ಸಂಬಳ ಸಣ್ಣದಿರುತ್ತಿತ್ತೆಂಬ ದೂರು ಸಕಾರಣವಾದುದೇ ಆದರೂ, ಗಿರಾಕಿಯ ಬಿಲ್ಲಿನಲ್ಲಿ ಅದಕ್ಕಾಗಿ ಬೇರೊಂದು ಸಾಲು ಇರುತ್ತಿರಲಿಲ್ಲ.

ನಮ್ಮ ಅಭಿಪ್ರಾಯ

ಮೇಲೆ ಹೇಳಿದುದೆಲ್ಲವನ್ನೂ ಕೂಡಿಸಿ ನೋಡಿದರೆ, ದಂಡೆಯ ಹೊಟೇಲಿನ ಬಿಲ್ಲಿನಲ್ಲಿ ಮೂರು ಪದರಗಳಿವೆ. ಊಟದ ಪದರದಲ್ಲಿ ಗಿರಾಕಿಗೆ ನಷ್ಟವೇ ಹೆಚ್ಚು. ಹೊತ್ತಿನ ಪದರದಲ್ಲಿ ಕೊಟ್ಟ ಹಣಕ್ಕೆ ತಕ್ಕುದು ದೊರೆಯಬಹುದು. ಡೊಂಬಿವಲಿಯಲ್ಲೋ ನಾಲಾಸೋಪಾರಾದಲ್ಲೋ ಒಂದೂವರೆ ಕೋಣೆಯಲ್ಲಿ ಐವರು ಬಾಳುವ ಕುಟುಂಬಕ್ಕೆ, ಯಾರೂ ಎಬ್ಬಿಸದಂತೆ, ಎರಡು ಗಂಟೆ ಒಟ್ಟಿಗೆ ಎದುರುಬದುರಾಗಿ ಕುಳಿತು ಮಾತಾಡುವ ಅವಕಾಶವು ಸಣ್ಣ ವಸ್ತುವಲ್ಲ. ಅದಕ್ಕಾಗಿ ವರ್ಷಕ್ಕೊಮ್ಮೆ ಹಣ ಕೊಡುವವನನ್ನು ದುಂದುಗಾರನೆಂದು ನಾವು ಜರೆಯಲಾರೆವು. ಮೂರನೆಯದಾದ ನೋಟದ ಪದರದಲ್ಲಿ ಮಾತ್ರ ಎಚ್ಚರ ಬೇಕು. ಏಕೆಂದರೆ ಅದು ಊರಿನ ಎಲ್ಲರಿಗೂ ಸೇರಿದ ವಸ್ತು.

ಹೋಗಬಯಸುವ ವಾಚಕರಿಗೆ ನಮ್ಮ ಸೂಚನೆಗಳು ಕೆಲವು ಇವೆ. ಮೇಜು ಕಾದಿರಿಸುವಾಗಲೇ ನೀರು ಕಾಣುವ ಮೇಜು ದೊರೆಯುವುದೇ ಎಂದು ಕೇಳಿ. ದಂಡೆಯ ಹೊಟೇಲಿನ ಎಲ್ಲ ಮೇಜುಗಳಿಗೂ ನದಿ ಕಾಣುವುದಿಲ್ಲ, ಬೆಲೆಯಾದರೋ ಎಲ್ಲ ಮೇಜುಗಳಿಗೂ ಒಂದೇ. ಪೂರ್ಣ ಊಟವನ್ನು ಅಲ್ಲಿಯೇ ಮಾಡಬೇಕೆಂಬ ನಿಯಮವಿಲ್ಲದಿದ್ದರೆ, ಸಂಜೆಯ ಹೊತ್ತಿಗೆ ತಿಂಡಿ ಕಾಫಿಗೆ ಹೋಗಿ ಊಟವನ್ನು ಪೇಟೆಯಲ್ಲಿ ಮುಗಿಸುವುದರಿಂದ ನೋಟವೂ ದೊರೆಯುತ್ತದೆ, ರುಚಿಯೂ ಕೆಡುವುದಿಲ್ಲ. ಬಿಲ್ಲು ಬಂದಾಗ ಸಾಲು ಸಾಲಾಗಿ ಓದಿ. ಸೇವಾ ಶುಲ್ಕವನ್ನು ಸೇರಿಸಿದ್ದರೆ ತೆಗೆಯುವಂತೆ ಕೇಳುವುದು ನಿಮ್ಮ ಹಕ್ಕು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಹಾಗೆ ತೆಗೆಸಿದ ಮೇಲೆ, ಬಡಿಸಿದವನ ಕೆಲಸ ಮನಸ್ಸಿಗೆ ಬಂದಿದ್ದರೆ, ನಿಮ್ಮ ಶಕ್ತಿಗೆ ತಕ್ಕುದನ್ನು ಅವನ ಕೈಗೇ ಕೊಡಿ. ಹಕ್ಕಿನ ಹೆಸರಿನಲ್ಲಿ ಹಣ ಉಳಿಸಿ ಸಪ್ಲಾಯರನನ್ನು ಬರಿಗೈಯಲ್ಲಿ ಕಳುಹಿಸುವುದು ಸ್ವತಃ ದುಡಿದು ಬಾಳುವ ನಮಗೆ ಶೋಭಿಸುವುದಿಲ್ಲ.

ಇನ್ನು ಪುಣೆ, ಹೈದರಾಬಾದುಗಳ ಆಡಳಿತಗಾರರಿಗೆ ಹೇಳಬೇಕಾದ ಮಾತೊಂದಿದೆ. 2024ರ ಜುಲೈ 25ರಂದು ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಪುಣೆಯಲ್ಲಿ ಮುಠಾ ದಂಡೆಯ ತಗ್ಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿದುದನ್ನು ಅಲ್ಲಿನ ನಮ್ಮ ವಾಚಕರು ಕಂಡಿದ್ದಾರೆ. ನದಿಯು ವರ್ಷವಿಡೀ ನೋಡಿ ಸುಖಿಸುವ ಚಿತ್ರವಲ್ಲ. ಮೊದಲು ಅದಕ್ಕೆ ಹರಿಯಲು ಜಾಗ ಬೇಕು. ಆ ಬಳಿಕ ಉಳಿದ ದಂಡೆಯಲ್ಲಿ ಹೊಟೇಲುಗಳಿಗೆ ಜಾಗ ಕೊಡುವುದಾದರೆ, ಕೊಡುವಾಗಲೇ ಕೆಲವು ಷರತ್ತುಗಳನ್ನು ಹಾಕಬೇಕು. ನೀರಿನ ಅಂಚಿನ ಕಾಲುದಾರಿಯು ಎಂದೆಂದಿಗೂ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿರಬೇಕು. ದೊಡ್ಡ ಹೊಟೇಲಿಗೆ ಜಾಗ ಕೊಟ್ಟ ಪ್ರತಿ ದಂಡೆಯಲ್ಲಿಯೂ ಸಾಮಾನ್ಯ ದರದ ಒಂದು ಉಪಾಹಾರ ಗೃಹಕ್ಕೆ ಜಾಗ ಮೀಸಲಿಡಬೇಕು. ಅದರ ಬಾಡಿಗೆಯನ್ನು ಹರಾಜಿನಿಂದ ಏರಿಸದೆ ನಿಗದಿ ಮಾಡಬೇಕು. ಏಕೆಂದರೆ ಜಾಗವನ್ನು ಹೆಚ್ಚಿನ ಬೆಲೆ ಕೂಗಿದವನಿಗೇ ಕೊಡುವ ಪದ್ಧತಿಯಲ್ಲಿ ಇಡ್ಲಿಯ ಬೆಲೆ ಏರದೆ ವಿಧಿಯಿಲ್ಲ. ಕೆಲಸಗಾರರಿಗೆ ಕಾನೂನಿನಂತೆ ಕನಿಷ್ಠ ವೇತನ, ಪ್ರಾವಿಡೆಂಟ್ ಫಂಡುಗಳನ್ನು ಕೊಡದವನಿಗೆ ಗುತ್ತಿಗೆಯ ನವೀಕರಣ ದೊರೆಯಬಾರದು.

ಕಡಿಮೆ ಬೆಲೆಗೆ ಶುಚಿಯಾದ ತಿಂಡಿಯನ್ನು ಸಾಮಾನ್ಯರಿಗೆ ಕೊಟ್ಟು ಹೆಸರು ಪಡೆದವರು ನಮ್ಮ ಹೊಟೇಲು ಬಂಧುಗಳು. ಅಂತಹ ಒಂದು ಸಣ್ಣ ಉಪಾಹಾರ ಗೃಹವನ್ನು ದಂಡೆಯಲ್ಲಿ ನಡೆಸುವ ಅವಕಾಶ ದೊರೆತರೆ ನಮ್ಮವರು ಹಿಂದೆಗೆಯರೆಂಬ ನಂಬಿಕೆ ನಮಗಿದೆ. ಪುಣೆಯ ಕನ್ನಡ ಸಂಘಗಳೂ ಹೊಟೇಲು ಮಾಲಕರೂ ಒಟ್ಟುಗೂಡಿ ದಂಡೆಯ ಜಾಗಗಳ ಹಂಚಿಕೆ ನಡೆಯುವ ಮೊದಲೇ ಈ ಬೇಡಿಕೆಯನ್ನು ಅಲ್ಲಿನ ಮಹಾನಗರಪಾಲಿಕೆಯ ಮುಂದಿಡುವುದು ಒಳ್ಳೆಯದು.